ಎತ್ತಿದ ಕೈ

ನಮ್ಮ ಕ್ರೈಸ್ತ ಮಂಡಳಿಯಲ್ಲಿ ಮಾವಶಿಯಷ್ಟು ಜೋರಾಗಿ, ಅವರಷ್ಟು ಶ್ರುತಿಗೆಟ್ಟು ಹಾಡುವವರು ಬೇರೆ ಯಾರೂ ಇರಲಿಲ್ಲ. ಹಾರ್ಮೋನಿಯಂ ಅಜ್ಜ ಒಂದು ದಾರಿ ಹಿಡಿದರೆ ಇವರು ಇನ್ನೊಂದು ದಾರಿ ಹಿಡಿಯುತ್ತಿದ್ದರು. ಎರಡನೆಯ ಚರಣದ ಹೊತ್ತಿಗೆ ಅಜ್ಜನೇ ಸೋತು ಅವರ ಹಿಂದೆ ಬರುತ್ತಿದ್ದ. ಮಕ್ಕಳಾದ ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಅವರು ಹಾಡು ನಿಲ್ಲಿಸದೆಯೇ ಕಣ್ಣು ಅಗಲಿಸಿ ನಮ್ಮತ್ತ ನೋಡುತ್ತಿದ್ದರು. ಉಪಾಸನೆ ಮುಗಿದ ಮೇಲೆ ಕರೆದು, “ಯಾಕ ನಕ್ಕೀರಿ? ದೇವ್ರಿಗೆ ರಾಗ ಬೇಕಾಗಿದ್ರ ಕೋಗಿಲಾ ಸಾಕಾಗಿತ್ತು. ನನ್ನ ಯಾಕ ಹುಟ್ಟಸ್ತಿದ್ದ?” ಎಂದು ಕೇಳಿ, ಕೈಚೀಲದಿಂದ ಒಂದೊಂದು ಮುಷ್ಟಿ ಭಡಂಗ, ಖಾರದ ಚುರುಮುರಿ, ತೆಗೆದು ನಮ್ಮ ಅಂಗೈಗೆ ಹಾಕುತ್ತಿದ್ದರು.

ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಈಗ ನಮ್ಮ ದೇವಾಲಯಕ್ಕೆ, ಅಂದರೆ ಚರ್ಚಿಗೆ, ಬರುವ ಹುಡುಗರಿಗೆ ಅವರೆಂದರೆ ಕೊನೆಯ ಬೆಂಚಿನ ಮುದುಕಿ. ಯೇಸುವಿನ ಕೊನೆಯ ಊಟದ ನೆನಪಿಗೆ ಹಂಚುವ ಪ್ರಭುಭೋಜನದ ತಟ್ಟೆ ಬಂದರೆ ಏನೂ ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸುತ್ತಿದ್ದವರು. ಯಾಕೆ ಹಾಗೆ ಮಾಡುತ್ತಿದ್ದರು ಎಂದು ಮೊನ್ನೆ ಒಬ್ಬ ಹುಡುಗಿ ನನ್ನನ್ನು ಕೇಳಿದಳು. ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುವ ಸಂಗತಿ ಅಲ್ಲ, ಅದಕ್ಕೇ ಬರೆಯಲು ಕುಳಿತಿದ್ದೇನೆ. ಅವರನ್ನು ನೆನೆಯುವಾಗ ಪ್ರೀತಿ ಮೊದಲು ಬರಬೇಕಿತ್ತು. ಮೊದಲು ಬರುವುದು ನಾಚಿಕೆ.

ಮಾವಶಿ ಎಂದರೆ ನಮ್ಮ ಕಡೆ ಅವ್ವನ ಅಕ್ಕತಂಗಿ. ಇವರು ಹಾಗೆ ರಕ್ತಸಂಬಂಧಿಯಲ್ಲ. ಅಪ್ಪನೂ ಅವರೂ ಮೂಲತಃ ಆರಗ ಎಂಬ ಒಂದೇ ಹಳ್ಳಿಯವರು. ಅಪ್ಪ ಅವರನ್ನು ಅಕ್ಕಾ ಅನ್ನುತ್ತಿದ್ದ, ಅವರು ಅಪ್ಪನನ್ನು ತಮ್ಮಾ ಅನ್ನುತ್ತಿದ್ದರು. ಮಹಾರಾಷ್ಟ್ರದ ಮಿರಜದ ಒಂದು ದವಾಖಾನೆಯಲ್ಲಿ ಹೆರಿಗೆ ವಾರ್ಡಿನ ನರ್ಸಾಗಿದ್ದರು. ಮದುವೆಯಾಗಲಿಲ್ಲ. ಸಾಲುಮನೆಗಳ ಚಾಳಿನಲ್ಲಿ ಎರಡು ಕೋಣೆ ಹಿಡಿದು ಒಬ್ಬರೇ ಇದ್ದರು, ಆದರೆ ಅವರ ಬಾಗಿಲಲ್ಲಿ ಯಾವಾಗಲೂ ಯಾರದೋ ಚಪ್ಪಲಿ ಇರುತ್ತಿತ್ತು. ನಾನು ಹುಟ್ಟುವಾಗ ಹೆರಿಗೆ ಮಾಡಿಸಿದವರೂ ಅವರೇ. “ಹುಟ್ಟಿದಾಗ ನೀ ಅಳಲಿಲ್ಲ. ಕಾಲು ಹಿಡದು ಎರಡು ಬಡದೆ. ಅವತ್ತು ಬಾಯಿ ತಗದಾಕಿ ಇನ್ನಾ ಮುಚ್ಚಿಲ್ಲ ನೋಡು,” ಎಂದು ಎಲ್ಲರೆದುರು ಹೇಳುತ್ತಿದ್ದರು. ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಡೆದರೆ ಜೊತೆಗೆ ಹೋಗುವವರು ಓಡಬೇಕಿತ್ತು. ಕ್ರಿಕೆಟ್ ಮ್ಯಾಚಿನ ದಿನ ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿಕೊಂಡು, ಔಟಾದವನನ್ನು ಬೈಯದೆ, ಅವನ ತಾಯಿಯನ್ನು ನೆನೆದು ಮರುಗುತ್ತಿದ್ದರು. “ಪಾಪ, ಆಕಿ ಮನ್ಯಾಗ ಕುಂತು ಕೇಳಾಕತ್ತಿರ್ತಾಳ.”

ಅವರ ಒಂದು ಮಾತು ನಮ್ಮ ಮನೆಯಲ್ಲಿ ಗಾದೆಯಾಗಿಬಿಟ್ಟಿತ್ತು. ವಾರ್ಡಿನಲ್ಲಿ ಯಾರಿಗೆ ಏನೇ ಆದರೂ, ಕೂಸು ಸತ್ತು ಹುಟ್ಟಿದರೂ, ಹೊಸದಾಗಿ ಬಂದ ನರ್ಸ್ ಹುಡುಗಿಯರು ಅಳುತ್ತ ನಿಂತರೆ ಹೇಳುತ್ತಿದ್ದರಂತೆ: “ಮೊದ್ಲ ಕೈ ತೊಳಕೋ. ಆಮ್ಯಾಲ ಅಳು.” ನಾವು ಮೊಣಕಾಲು ತರಚಿಕೊಂಡು ಬಂದರೂ ಅವ್ವ ಇದನ್ನೇ ಹೇಳುತ್ತಿದ್ದಳು.

ನಮ್ಮದು ಸಣ್ಣ ಮಂಡಳಿ. ಊರಿನ ದೊಡ್ಡ ದೇವಾಲಯಗಳ ನಡುವೆ ಹುಡುಕಿದರೆ ಮಾತ್ರ ಸಿಗುವಂಥದ್ದು. ಆರಗ, ಮ್ಹೈಸಾಳ ಮತ್ತು ಗಡಿಯಾಚೆಯ ಹಳ್ಳಿಗಳಿಂದ ಬರಗಾಲದಲ್ಲೋ ರೋಗರುಜಿನದಲ್ಲೋ ಮಿರಜಕ್ಕೆ ಬಂದು, ಮರಳಿ ಹೋಗಲು ಊರಿಲ್ಲದೆ ಇಲ್ಲೇ ಉಳಿದ ಕನ್ನಡದ ಜನ ಕಟ್ಟಿದ್ದು. ಕೂಲಿಯವರು, ದವಾಖಾನೆಯಲ್ಲಿ ಬಟ್ಟೆ ಒಗೆಯುವವರು, ಸ್ಟೇಷನ್ನಿನ ಹಮಾಲರು. ನಮ್ಮ ಕಾಲಕ್ಕೆ ಪ್ರಸಂಗ, ಅಂದರೆ ಪಾದ್ರಿಯ ಉಪದೇಶ, ಮರಾಠಿಯಾಗಿತ್ತು, ಹಾಡು ಕನ್ನಡದಲ್ಲೇ ಉಳಿದಿತ್ತು, ಜಗಳ ಎರಡರಲ್ಲೂ ನಡೆಯುತ್ತಿತ್ತು.

ದೇವಾಲಯದ ಪಕ್ಕದಲ್ಲೇ ನಮ್ಮ ಸ್ಮಶಾನ. ಹಿಂದಿನ ಭಾಗದಲ್ಲಿ ಹೆಸರು ಕೆತ್ತಿದ ಕಲ್ಲುಗಳಿದ್ದವು. ರಸ್ತೆಯ ಕಡೆಯ ಭಾಗ ಎಲ್ಲಕ್ಕಿಂತ ಹಳೆಯದು. ಮಂಡಳಿಯ ಮೊದಲ ಜನ ಮಲಗಿದ್ದು ಅಲ್ಲಿ. ಅವರಿಗೆ ಹೆಸರು ಕೆತ್ತಿಸುವ ಶಕ್ತಿ ಇರಲಿಲ್ಲ. ತಲೆಯ ಕಡೆಗೆ ಒಂದು ಕಾಡುಕಲ್ಲು ನೆಟ್ಟು ಹೋಗಿದ್ದರು. ಕಾಲ ಕಳೆದು ಆ ಕಲ್ಲುಗಳೂ ಮಣ್ಣಿನಲ್ಲಿ ಹೂತುಹೋಗಿ, ಮೇಲೆ ಹುಲ್ಲು ಬೆಳೆದು, ನೋಡಿದವರಿಗೆ ಅದು ಬರೀ ಖಾಲಿ ಜಾಗದಂತೆ ಕಾಣುತ್ತಿತ್ತು. ಮಾವಶಿಯ ಅಜ್ಜಿಯ ತಾಯಿ ಅಲ್ಲಿದ್ದಳು. ಬಾಳವ್ವ ಅಂತ ಅವಳ ಹೆಸರು. ಎಲ್ಲಿ ಎಂದು ನಿಖರವಾಗಿ ಮಾವಶಿಗೂ ಗೊತ್ತಿರಲಿಲ್ಲ. “ಇಲ್ಲೇ ಎಲ್ಲೋ ಅದಾಳ,” ಎಂದು ಹುಲ್ಲಿನ ಮೇಲೆ ಕೈ ಬೀಸಿ ತೋರಿಸುತ್ತಿದ್ದರು.

ನಾನು ಕಾಲೇಜಿಗೆ ಸೇರಿದ ಹೊತ್ತಿಗೆ ಊರು ಬದಲಾಗತೊಡಗಿತ್ತು. ಓಣಿಗಳಿಗೆ ಕೇಬಲ್ ಬಂತು, ಮೂಲೆಮೂಲೆಗೆ ಎಸ್‌ಟಿಡಿ ಬೂತು ಬಂತು. ಮಿರಜದಲ್ಲಿ ಖಾಸಗಿ ದವಾಖಾನೆಗಳು ಒಂದರ ಮಗ್ಗುಲಲ್ಲಿ ಒಂದು ಎದ್ದವು. ರೋಗಿಗಳ ಜೊತೆ ಬಂದವರಿಗೆ ಲಾಡ್ಜು, ಮೆಡಿಕಲ್ ಅಂಗಡಿ, ಸ್ಕ್ಯಾನಿಂಗ್ ಸೆಂಟರು ಬೇಕಾದವು. ಸಾಂಗಲಿಗೂ ಮಿರಜಕ್ಕೂ ನಡುವೆ ಕಬ್ಬು, ಜೋಳ ಇದ್ದ ಹೊಲಗಳಲ್ಲಿ ಪ್ಲಾಟು ಹಾಕಿ ಕಾಲನಿಗಳ ಬೋರ್ಡು ನಿಲ್ಲಿಸಿದರು. ಅಂಥ ಒಂದು ಕಾಲನಿಯಲ್ಲಿ ಅಪ್ಪನೂ ಒಂದು ಪ್ಲಾಟು ಹಿಡಿದ. ಅದು ತಗ್ಗಿನ ಜಾಗ. ಮಳೆ ಬಂದರೆ ಎಮ್ಮೆ ಈಜುವಷ್ಟು ನೀರು ನಿಲ್ಲುತ್ತಿತ್ತು.

ರಸ್ತೆಗೆ ಹತ್ತಿದ ನಮ್ಮ ಸ್ಮಶಾನದ ಮೇಲೆ ಒಬ್ಬ ಬಿಲ್ಡರನ ಕಣ್ಣು ಬಿತ್ತು. ಆ ಹಳೆಯ ಭಾಗವನ್ನು ಬಿಟ್ಟುಕೊಟ್ಟರೆ ಅಂಗಡಿಗಳ ಕಟ್ಟಡ ಕಟ್ಟುತ್ತೇನೆ, ಬದಲಿಗೆ ಸೋರುವ ದೇವಾಲಯಕ್ಕೆ ಹೊಸ ಮಾಡು ಹಾಕಿಸಿ, ಮದುವೆಗೆ ಒಂದು ಹಾಲ್ ಕಟ್ಟಿಸಿಕೊಡುತ್ತೇನೆ ಎಂದ. ಎಲುಬು ಸಿಕ್ಕರೆ ಗೌರವದಿಂದ ಹಿಂದಿನ ಭಾಗಕ್ಕೆ ಸಾಗಿಸುವುದಾಗಿ ಮಾತು ಕೊಟ್ಟ. ಮಂಡಳಿಯ ಕಮಿಟಿ ಸೇರಿತು. ಅಪ್ಪ ಆಗ ಕಮಿಟಿಯ ಸೆಕ್ರೆಟರಿ. ಮಾವಶಿ ಅದೇ ವರ್ಷ ಆರಿಸಿ ಬಂದಿದ್ದರು, ನಮ್ಮ ಕಮಿಟಿಯಲ್ಲಿ ಕುಳಿತ ಮೊದಲ ಹೆಣ್ಣುಮಗಳು. ಆ ದಿನ ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು ಹೋಗಿದ್ದರು ಎಂದು ಅವ್ವ ಹೇಳುತ್ತಿದ್ದಳು. ಒಪ್ಪುವವರು ಕೈ ಎತ್ತಿ ಎಂದರು. ಎಲ್ಲರೂ ಎತ್ತಿದರು. ಮಾವಶಿಯೂ ಎತ್ತಿದರು.

ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ವಿಜಾಪುರದ ಕಡೆಯಿಂದ ಬಂದ ಕೂಲಿಯವರು ತಟ್ಟಿನ ಗುಡಿಸಲು ಹಾಕಿಕೊಂಡು ಪಾಯ ಅಗೆಯತೊಡಗಿದರು. ಅಗೆದ ಮಣ್ಣನ್ನು ಟ್ರ್ಯಾಕ್ಟರು ಟ್ರಾಲಿಗಳು ಎಲ್ಲಿಗೋ ಒಯ್ಯುತ್ತಿದ್ದವು.

ಅದೇ ದಿನಗಳಲ್ಲಿ ನಮ್ಮ ತಗ್ಗಿನ ಪ್ಲಾಟಿಗೆ ಮಣ್ಣು ಬಂದು ಬೀಳತೊಡಗಿತು. ಬಿಲ್ಡರ್ ಕಳಿಸುತ್ತಿದ್ದಾನೆ ಎಂದು ಅಪ್ಪ ಖುಷಿಯಲ್ಲಿದ್ದ. ಒಂದು ಮಧ್ಯಾಹ್ನ ನಾನೂ ಅವ್ವನೂ ಅಪ್ಪನಿಗೆ ಕೆಟಲಿಯಲ್ಲಿ ಚಹಾ ತೆಗೆದುಕೊಂಡು ಹೋಗಿದ್ದೆವು. ಅಪ್ಪ ಕೊಡೆ ಹಿಡಿದು ನಿಂತು ಟ್ರಾಲಿಯವನಿಗೆ ಎಲ್ಲಿ ಸುರಿಯಬೇಕೆಂದು ಕೈ ತೋರಿಸುತ್ತಿದ್ದ. ಆಗ ದೂರದ ರಸ್ತೆಯಲ್ಲಿ ಬಿಳಿ ಬೂಟು ಕಂಡವು. ಮಾವಶಿ ಬಿಸಿಲಿನಲ್ಲಿ ನಡೆದು ಬರುತ್ತಿದ್ದರು. ಕೈಯಲ್ಲಿ ಜರಡಿ, ಹೆಗಲ ಮೇಲೆ ಗೋಣಿಚೀಲ. ಅವರ ಹಿಂದೆ ಒಬ್ಬ ಕೂಲಿ ಹೆಂಗಸು, ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬರುತ್ತಿದ್ದಳು. ಅವಳ ಹೆಸರು ಯಲ್ಲವ್ವ ಎಂದು ಆಮೇಲೆ ತಿಳಿಯಿತು. ಅವಳ ಕೂಸಿನ ಜ್ವರಕ್ಕೆ ಮಾವಶಿ ಔಷಧ ಕೊಡಿಸಿದ್ದರು, ಅದಕ್ಕೇ ಅವಳು ಎಲುಬು ಸಿಕ್ಕ ಸುದ್ದಿಯನ್ನು ನೇರ ಅವರ ಮನೆಗೆ ತಂದಿದ್ದಳು.

ನಮ್ಮನ್ನು ನೋಡಿ ಮಾವಶಿ ನಿಂತರು. ಮಣ್ಣು ಎಲ್ಲಿ ಬೀಳುತ್ತಿದೆ ಎಂದು ಟ್ರಾಲಿಯವನನ್ನು ಕೇಳಿಕೊಂಡು ಬಂದಿದ್ದರೇ ಹೊರತು ಯಾರ ಜಾಗ ಎಂದು ಅವರಿಗೆ ಗೊತ್ತಿರಲಿಲ್ಲ.

“ಈ ಪ್ಲಾಟ್ ಯಾರ್ದು ತಮ್ಮಾ?”

“ನಮ್ದ ರಿ ಅಕ್ಕಾ. ಹೇಳಿದ್ನಲ್ಲ, ಮನಿ ಕಟ್ಟೂದೈತಿ ಅಂತ.” ಅಪ್ಪ ನಗಲು ನೋಡಿದ. “ಬರ್ರಿ, ಚಹಾ ಬಂದೈತಿ.”

“ಮಣ್ಣು ಎಲ್ಲಿದು?”

“ಬಿಲ್ಡರ್ ಕಳಸ್ಯಾನ್ರಿ. ತಗ್ಗು ಜಾಗಾ ನೋಡ್ರಿ, ಮಳಿಗಾಲದಾಗ ನೀರು ನಿಂದರ್ತೈತಿ…”

“ಯಾರು ಕಳಸ್ಯಾರ ಅಂತ ಕೇಳ್ಲಿಲ್ಲ. ಎಲ್ಲಿದು ಅಂತ ಕೇಳ್ದೆ.”

ಅಪ್ಪ ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದ. ಮಾವಶಿ ಯಲ್ಲವ್ವನ ಕಡೆ ತಿರುಗಿದರು. ಅವಳು ಸೆರಗು ಬಿಚ್ಚಿದಳು. ಕಂದು ಬಣ್ಣಕ್ಕೆ ತಿರುಗಿದ ನಾಲ್ಕಾರು ಎಲುಬುಗಳು, ನಡುವೆ ಬೆರಳಿನಷ್ಟೇ ಸಣ್ಣದೊಂದು.

“ಕೂಸಿಂದು ಇರಬೇಕ್ರಿ,” ಎಂದಳು ಯಲ್ಲವ್ವ. “ನಮ್ಮೂರಾಗ ಹಿಂಗ ಸಿಕ್ಕರ ಕೆಲಸ ನಿಂದ್ರಸ್ತಾರ್ರಿ. ಇಲ್ಲೆ ಕೂಲಿ ಮಾಡಸೂ ಮುಕಾದಮ ಒಲ್ಲೆ ಅಂದ. ಸುಮ್ಮ ಟ್ರಾಲ್ಯಾಗ ಹಾಕು ಅಂದ.”

“ಹಳೇದ ಐತ್ರಿ ಅಕ್ಕಾ,” ಅಪ್ಪ ದನಿ ತಗ್ಗಿಸಿದ. “ಎಲ್ಲಾ ಮಣ್ಣ ಆಗಿ ಹೋಗೇತಿ. ಈಗ ಏನ್ ಮಾಡಾಕ ಬರ್ತೈತಿ? ಮಂದಿ ನೋಡಿದ್ರ ಏನಂದಾರು? ಏಳ್ರಿ, ಬಿಸಲಾಗ ಕುಂದ್ರಬ್ಯಾಡ್ರಿ.”

ಆ ಹೊತ್ತಿಗೆ ಮಾವಶಿ ಮಣ್ಣಿನ ಗುಡ್ಡೆಯ ಪಕ್ಕ ಕುಳಿತುಬಿಟ್ಟಿದ್ದರು. “ಮಂದಿ ನೋಡ್ಲೆಂತನ ಕುಂತೇನಿ,” ಎಂದು ಜರಡಿ ಎತ್ತಿಕೊಂಡರು.

ಕೊಂಚ ಹೊತ್ತಿನ ಮೇಲೆ ಅವ್ವ ಕೆಟಲಿಯನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಅವರ ಮಗ್ಗುಲಿಗೆ ಕುಳಿತಳು. ನಾನು ಗೋಣಿಚೀಲದ ಬಾಯಿ ಅಗಲಿಸಿ ಹಿಡಿದೆ. ಅಪ್ಪ ಕೊಡೆಯ ಕೆಳಗೆ ನಿಂತೇ ಇದ್ದ. ಬಹಳ ಹೊತ್ತಿನ ನಂತರ ನೋಡಿದಾಗ ಅವನು ಇರಲಿಲ್ಲ. ಚಹಾ ತಣ್ಣಗಾಗಿತ್ತು.

ಮಾವಶಿ ಮತ್ತೆ ಮತ್ತೆ ಬಂದರು. ಯಲ್ಲವ್ವ ಕೂಲಿ ಮುಗಿಸಿ ಬಂದು ಕೂಡಿಕೊಳ್ಳುತ್ತಿದ್ದಳು. ಆದರೆ ಟ್ರಾಲಿಗಳು ನಿಲ್ಲಲಿಲ್ಲ, ಮಣ್ಣಿನ ಮೇಲೆ ಮಣ್ಣು ಬಿತ್ತು, ಆಮೇಲೆ ರೋಲರ್ ಓಡಿತು. ಸಿಕ್ಕಷ್ಟನ್ನು ಅವರು ಸ್ಮಶಾನದ ಹಿಂದಿನ ಭಾಗದ ಒಂದು ಮೂಲೆಯಲ್ಲಿ ಹೂಳಿದರು. ಪಾದ್ರಿಯನ್ನು ನಾವು ಪಾಳಕ ಸಾಹೇಬರು ಅನ್ನುತ್ತೇವೆ. ಆಗಿನ ಪಾಳಕ ಸಾಹೇಬರು ಬಂದು ಪ್ರಾರ್ಥನೆ ಮಾಡಿದರು, ಪಾಪ, ತಲೆ ಎತ್ತದೆ. ಅಲ್ಲೊಂದು ಕಲ್ಲು ನಿಲ್ಲಿಸಿ, ‘ರಸ್ತೆಯ ಕಡೆ ಮಲಗಿದ್ದ ನಮ್ಮ ಮೊದಲಿನವರು’ ಎಂದು ಬರೆಸಬೇಕೆಂದು ಮಾವಶಿ ಕಮಿಟಿಯನ್ನು ಕೇಳಿದರು. ಬರಹ ಇದ್ದರೆ ನಾಳೆ ಯಾರಾದರೂ ಪ್ರಶ್ನೆ ಎತ್ತುತ್ತಾರೆ, ಕೋರ್ಟು ಕಚೇರಿ ಆಗುತ್ತದೆ ಎಂದು ಕಮಿಟಿ ಬೇಡವೆಂದಿತು. ಹಾಗೆಂದು ಅವರಿಗೆ ಹೇಳಿ ಬರುವ ಕೆಲಸ ಸೆಕ್ರೆಟರಿಯದು. ಅಪ್ಪ ಹೋಗಿ ಹೇಳಿ ಬಂದ. ಆವತ್ತಿನಿಂದ ಮಾವಶಿಯ ಬಾಯಲ್ಲಿ ಅಪ್ಪ ತಮ್ಮನಾಗಿ ಉಳಿಯಲಿಲ್ಲ. ‘ಸಾಹೇಬ್ರ’ ಆದ.

ಮುಂದಿನ ಭಾನುವಾರ ಸಾಕ್ಷಿ ಹೇಳುವ ಹೊತ್ತಿಗೆ ಮಾವಶಿ ಎದ್ದು ನಿಂತರು. ಸಾಕ್ಷಿ ಎಂದರೆ ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ಹೇಳುವುದು, ಸಾಮಾನ್ಯವಾಗಿ ಜ್ವರ ಬಿಟ್ಟದ್ದು, ಮಗ ಪಾಸಾದದ್ದು. ಅವರು ಕನ್ನಡದಲ್ಲಿ ಮಾತಾಡಿದರು.

“ಹೊರಗ ಅಂಗಡಿ ಕಟ್ಟಾಕತ್ತಾರ. ಅಲ್ಲೆ ನಮ್ಮ ಮಂದಿ ಇದ್ರು. ಅವರನ್ನ ಎಬ್ಬಿಸಿ ಟ್ರಾಲ್ಯಾಗ ಹಾಕಿ ಒಯ್ದು ತಗ್ಗು ತುಂಬಸ್ಯಾರ. ಅದಕ್ಕ ಒಪ್ಪಿಗಿ ಕೊಟ್ಟಾಕಿ ನಾನು. ಕಮಿಟ್ಯಾಗ ಎಲ್ಲಾರೂ ಕೈ ಎತ್ತಿದ್ರು. ನನ್ನ ಕೈ ಒಂದ ಕೆಳಗ ಇತ್ತು. ಎಲ್ಲಾರೂ ನನ್ನ ನೋಡಾಕತ್ರು. ಇಷ್ಟು ದೊಡ್ಡ ಮಂದ್ಯಾಗ ಒಬ್ಬಾಕಿ ಕೈ ಕೆಳಗ ಇಟ್ಕೊಂಡು ಕುಂದ್ರಾಕ ನನಗ ನಾಚಿಕಿ ಆತು. ಅದಕ್ಕ ಎತ್ತಿದೆ. ಮತ್ಯಾವ ಕಾರಣಾನೂ ಇಲ್ಲ.”

ಅಷ್ಟು ಹೇಳಿ ಕುಳಿತರು. ಅವರು ಯಾರ ಹೆಸರನ್ನೂ ಎತ್ತಲಿಲ್ಲ, ಯಾರ ಪ್ಲಾಟೆಂದೂ ಹೇಳಲಿಲ್ಲ. ಕಮಿಟಿಯವರೆಲ್ಲ ಮುಂದಿನ ಬೆಂಚಿನಲ್ಲಿದ್ದರು. ಅವರಲ್ಲೊಬ್ಬ ಮೇಲೆ ತಿರುಗುವ ಫ್ಯಾನನ್ನು ನೋಡಿದ, ಒಬ್ಬ ಹಾಡಿನ ಪುಸ್ತಕ ತಿರುವಿದ. ಅಪ್ಪನ ಕುತ್ತಿಗೆಯ ಹಿಂದೆ ಬೆವರಿಳಿದು ಅಂಗಿಯ ಕಾಲರ್ ಒದ್ದೆಯಾಗುವುದನ್ನು ನಾನು ಹಿಂದಿನ ಸಾಲಿನಿಂದ ನೋಡುತ್ತಿದ್ದೆ. ಯಾರೂ ಏಳಲಿಲ್ಲ. ಹಾರ್ಮೋನಿಯಂ ಅಜ್ಜ, ಯಾರೂ ಹೇಳದೆಯೇ, ಹಾಡು ಶುರು ಮಾಡಿದ.

ಅದರ ನಂತರ ಬಂದ ಪ್ರಭುಭೋಜನದ ಭಾನುವಾರ ಮಾವಶಿ ಕೊನೆಯ ಬೆಂಚಿಗೆ ಹೋಗಿ ಕುಳಿತರು. ರೊಟ್ಟಿಯ ತಟ್ಟೆ ಬಂದಾಗ ಪಕ್ಕದವರಿಗೆ ದಾಟಿಸಿದರು. ಪಾಳಕ ಸಾಹೇಬರು ಗಾಬರಿಯಾಗಿ ಅವರ ಮನೆಗೆ ಹೋದರು. ಅವ್ವನೂ ನಾನೂ ಅಲ್ಲೇ ಇದ್ದೆವು.

“ಬಾಯಿ, ದೇವ್ರು ಕ್ಷಮಿಸ್ಯಾನ್ರಿ. ನೀವು ಹಿಂಗ ಮಾಡಬಾರ್ದು,” ಎಂದರು ಅವರು. ಮರಾಠಿಯಲ್ಲಿ ಹಿರಿಯ ಹೆಣ್ಣುಮಕ್ಕಳನ್ನು ಕರೆಯುವಂತೆ ಮಂಡಳಿಯವರು ಮಾವಶಿಯನ್ನು ಬಾಯಿ ಅನ್ನುತ್ತಿದ್ದರು.

“ದೇವ್ರ ಮ್ಯಾಲೆ ನನಗ ಸಿಟ್ಟಿಲ್ರಿ ಸಾಹೇಬ್ರ,” ಎಂದು ಮಾವಶಿ ಅವರ ಮುಂದೆ ಭಡಂಗದ ತಾಟು ಇಟ್ಟರು. “ಊಟಕ್ಕ ಕುಂದ್ರೂದಕ್ಕ ಮೊದ್ಲ ಕೈ ತೊಳೀಬೇಕಲ್ರಿ? ನನ್ನ ಕೈ ಇನ್ನಾ ತೊಳದಿಲ್ಲ. ತಿನ್ರಿ, ತಾಜಾ ಐತಿ.”

ಅವರ ಹಟವನ್ನು ಮಂಡಳಿ ನಿಧಾನವಾಗಿ ರೂಢಿ ಮಾಡಿಕೊಂಡಿತು. ಮನುಷ್ಯರಿಗೆ ಯಾವುದು ರೂಢಿಯಾಗುವುದಿಲ್ಲ? ತಟ್ಟೆ ಅವರನ್ನು ದಾಟಿ ನಮ್ಮ ಬಳಿ ಬರುತ್ತಿತ್ತು, ನಾವು ತೆಗೆದುಕೊಳ್ಳುತ್ತಿದ್ದೆವು. ಅಪ್ಪನೂ ತೆಗೆದುಕೊಳ್ಳುತ್ತಿದ್ದ. ಹೊಸ ಮಾಡು ಸೋರುತ್ತಿರಲಿಲ್ಲ. ಹೊಸ ಹಾಲ್‌ನಲ್ಲಿ ಮದುವೆಗಳಾದವು. ಅಂಗಡಿಗಳಲ್ಲಿ ಮೆಡಿಕಲ್, ಝೆರಾಕ್ಸ್, ಹಣ್ಣಿನ ರಸದವನು ಬಂದು ಕೂತರು. ಸ್ಮಶಾನಕ್ಕೆ ಹೋಗಲು ಈಗ ಕಟ್ಟಡದ ಮಗ್ಗುಲಿನ ಇಕ್ಕಟ್ಟಾದ ದಾರಿ ಮಾತ್ರ ಉಳಿಯಿತು. ರಕ್ತದೊತ್ತಡದ ಗುಳಿಗೆಗೆ ಮಾವಶಿ ಆ ಅಂಗಡಿಗಳನ್ನು ದಾಟಿ, ಸ್ಟೇಷನ್ನಿನವರೆಗೂ ನಡೆದು ಹೋಗುತ್ತಿದ್ದರು.

ಹಾಗೆಂದು ಅವರು ಮೋರೆ ಜೋಲು ಹಾಕಿಕೊಂಡು ಬದುಕಿದವರಲ್ಲ. ಹಾಡು ಅಷ್ಟೇ ಜೋರಿತ್ತು, ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ಸಿಗೆ, ಚಾಳಿನ ಮಕ್ಕಳಿಗೆಲ್ಲ ಸಿಹಿ ಕರಂಜಿ ಕರಿಯುತ್ತಿದ್ದರು. ಟೀವಿಯಲ್ಲಿ ಮ್ಯಾಚು ಬರತೊಡಗಿದ ಮೇಲೂ ಟ್ರಾನ್ಸಿಸ್ಟರನ್ನು ಬಿಡಲಿಲ್ಲ. ಟೀವಿಯವರಿಗೆ ಮಾತಾಡಲು ಬರುವುದಿಲ್ಲ ಎನ್ನುತ್ತಿದ್ದರು. ಯಲ್ಲವ್ವ ಊರಿಗೆ ಮರಳದೆ ಮಿರಜದಲ್ಲೇ ನಿಂತಳು. ಅವಳ ಎರಡನೆಯ ಹೆರಿಗೆಯನ್ನೂ ಮಾವಶಿಯೇ ಮಾಡಿಸಿದರು. ಪ್ರತಿ ವರ್ಷ ಈಸ್ಟರಿನ ಹಿಂದಿನ ದಿನ ಇಬ್ಬರೂ ಸುಣ್ಣದ ಬಕೀಟು ಹಿಡಿದು ಹೋಗಿ, ಮೂಲೆಯ ಆ ಹೆಸರಿಲ್ಲದ ಸಮಾಧಿಗೆ ಬಳಿದು ಬರುತ್ತಿದ್ದರು.

ನಮ್ಮ ಮನೆ ಆ ಪ್ಲಾಟಿನ ಮೇಲೆಯೇ ಎದ್ದಿತು. ಅವ್ವ ಬೇಡವೆಂದು ಒಮ್ಮೆ ಹೇಳಿದಳು. ಅಪ್ಪ ಊಟ ಬಿಟ್ಟು ಎದ್ದುಹೋದ. ಆಮೇಲೆ ಅವಳೂ ಸುಮ್ಮನಾದಳು. ಒಳ್ಳೆಯ ಮನೆ, ಗಾಳಿ ಬೆಳಕು ಚೆನ್ನಾಗಿದೆ. ಬಂದವರೆಲ್ಲ ಹಾಗೇ ಅನ್ನುತ್ತಾರೆ. ಮಾವಶಿ ಮಾತ್ರ ಒಳಗೆ ಬರಲಿಲ್ಲ. ನನ್ನ ಮದುವೆಯ ಮರುದಿನ ಮನೆಯ ಅಂಗಳದಲ್ಲಿ ಊಟವಿಟ್ಟಿದ್ದೆವು. ಅವರು ಬಂದು ಗೇಟಿನಾಚೆ, ರಸ್ತೆಯ ಮೇಲೆ ನಿಂತರು. ನಾನು ಹೊಸ ಸೀರೆಯಲ್ಲಿ ಓಡಿ ಹೋದೆ.

“ಒಳಗ ಬರ್ರಿ ಮಾವಶಿ. ನೀವು ಬರದಿದ್ರ ನಾನೂ ಉಣ್ಣೂದಿಲ್ಲ.”

ಅವರು ನನ್ನ ಗದ್ದ ಹಿಡಿದು ಮುದ್ದಿಸಿದರು. “ನಿನ್ನ ಮ್ಯಾಲೆ ಸಿಟ್ಟಿಲ್ಲ ಮಗಳ. ನಿಮ್ಮಪ್ಪನ ಮ್ಯಾಲೂ ಇಲ್ಲ. ಅಲ್ಲೆ ಕಾಲಿಡಾಕ ನನಗ ಆಗೂದಿಲ್ಲ. ಇನ್ನಾ ಯಾರ್ಯಾರು ಉಳದಾರೋ ಗೊತ್ತಿಲ್ಲ. ಬಾಳವ್ವ ಚೀಲದಾಗ ಬಂದ್ಲೋ, ಇಲ್ಲೇ ಉಳದ್ಲೋ, ನನಗೇನ ಗೊತ್ತು?”

ನನ್ನ ಕೈಯಲ್ಲಿ ಒಂದು ಪೊಟ್ಟಣವಿಟ್ಟು, ತಿರುಗಿ ನೋಡದೆ ನಡೆದರು. ಅಂಗಳದಲ್ಲಿ ಜನ ಜಿಲೇಬಿ ಬಡಿಸಿಕೊಳ್ಳುತ್ತಿದ್ದರು. ನನ್ನ ಗಂಡ ಯಾರವರು ಎಂದು ಕೇಳಿದ. ಅಪ್ಪ ಮಧ್ಯೆ ಬಂದು, “ಮಂಡಳಿಯವರು. ಬ್ಯಾರೆ ಕಡೆ ಹೋಗೂದಿತ್ತಂತ,” ಎಂದ.

ವರ್ಷಗಳು ಹೋದವು. ಆವತ್ತು ಕೈ ಎತ್ತಿದ ಕಮಿಟಿಯವರು ಒಬ್ಬೊಬ್ಬರಾಗಿ ಹಿಂದಿನ ಭಾಗದ ಕಲ್ಲುಗಳ ಕೆಳಗೆ ಸೇರಿದರು. ಅಪ್ಪನಿಗೆ ಮಂಡಿ ನೋವು, ಕಿವಿ ಮಂದ. ಮಾವಶಿ ಒಮ್ಮೆ ಮೈಯ ಅರ್ಧ ಭಾಗ ಸೋತು ದವಾಖಾನೆ ಸೇರಿದರು ಎಂದು ಯಲ್ಲವ್ವ ಮಗಳ ಕೈಲಿ ಹೇಳಿ ಕಳಿಸಿದಳು. ಅಪ್ಪ ಬಹಳ ಹೊತ್ತು ಕೋಲು ತಿರುಗಿಸುತ್ತ ಕುಳಿತಿದ್ದ. ಆಮೇಲೆ, “ನನ್ನ ಕರಕೊಂಡು ಹೋಗ್ತಿ ಏನು?” ಎಂದ.

ಮಾವಶಿ ಗೋಡೆಗೆ ಒರಗಿ ಕುಳಿತಿದ್ದರು. ಮಾತು ಒಂದಿಷ್ಟು ತೊದಲುತ್ತಿತ್ತು, ಕಣ್ಣು ಮಾತ್ರ ಹಾಗೇ ಇತ್ತು. ಅಪ್ಪನನ್ನು ನೋಡಿ, “ಬಂದ್ಯಾ ತಮ್ಮಾ? ಕುಂದ್ರು,” ಎಂದರು.

ಎಷ್ಟೋ ವರ್ಷದ ಮೇಲೆ ಆ ಶಬ್ದ ಕೇಳಿ ಅಪ್ಪ ಮಂಚದ ಕಂಬಿ ಹಿಡಿದು ಅತ್ತುಬಿಟ್ಟ. “ಅಕ್ಕಾ, ನನ್ನ ಮಾಫ ಮಾಡ್ರಿ. ನನಗ ನಿದ್ದಿ ಬರೂದಿಲ್ಲ ಆ ಮನ್ಯಾಗ.”

“ನಾ ಯಾರು ಮಾಫ ಮಾಡಾಕ? ನಾನೂ ಕೈ ಎತ್ತಿದಾಕೀನ.” ಮಾವಶಿ ಉಸಿರು ತೆಗೆದುಕೊಂಡರು. “ಅವತ್ತಿನ ಕಮಿಟಿಯವ್ರು ಯಾರ್ಯಾರು ಅದಾರ ಈಗ?”

“ನಾವಿಬ್ರ ರಿ ಅಕ್ಕಾ.”

“ನಾ ಹೋದ ಮ್ಯಾಲೆ ನೀ ಒಬ್ಬಾವ. ಈಗಿನ ಹುಡುಗ್ರಿಗೆ ಅಲ್ಲೆ ಮಂದಿ ಇದ್ರು ಅನ್ನೂದ ಗೊತ್ತಿಲ್ಲ. ನಾ ಹೇಳಿದ್ರ ಹುಚ್ಚ ಮುದುಕಿ ಅಂತಾರ. ನೀ ಸೆಕ್ರೆಟರಿ ಇದ್ದಾವ, ನೀ ಹೇಳಿದ್ರ ನಂಬ್ತಾರ. ಒಮ್ಮೆ ಎಲ್ಲಾರ ಮುಂದ ಹೇಳು. ಅಲ್ಲೆ ನಮ್ಮವ್ರು ಇದ್ರು, ನಾವ ಅವರನ್ನ ಎಬ್ಬಿಸಿದ್ವಿ ಅಂತ. ಅಷ್ಟ ಸಾಕು. ಅಳೂದು ಗಿಳೂದು ಬ್ಯಾಡ.”

“ಹೇಳ್ತೇನ್ರಿ ಅಕ್ಕಾ. ಖರೇನ ಹೇಳ್ತೇನಿ.”

ರಿಕ್ಷಾದಲ್ಲಿ ಮರಳುವಾಗ ಅಪ್ಪನ ತುಟಿ ಅಲುಗುತ್ತಿತ್ತು. ದಾರಿಯಲ್ಲಿ ನನ್ನ ಮೊಣಕೈ ಮುಟ್ಟಿ ಕೇಳಿದ: “ಕನ್ನಡದಾಗ ಹೇಳ್ಲೋ, ಮರಾಠ್ಯಾಗ ಹೇಳ್ಲೋ?”

“ಮರಾಠ್ಯಾಗ ಹೇಳ್ರಿ. ಹುಡುಗ್ರಿಗೆ ಅದ ಛಲೋ ತಿಳೀತೈತಿ.”

ಅವನು ತಲೆಯಾಡಿಸಿದ. ಮುಂದಿನ ಭಾನುವಾರ ಹೇಳುತ್ತಾನೆ ಎಂದು ಕಾದೆ. ಮೈಯಲ್ಲಿ ಹುಷಾರಿಲ್ಲವೆಂದು ಮಲಗಿಕೊಂಡ. ಅದರ ಮುಂದಿನ ಭಾನುವಾರ ಹೊರಗಿನಿಂದ ಯಾರೋ ಪ್ರಸಂಗಿ ಬಂದಿದ್ದರು, ಪರರ ಎದುರು ಹೇಗೆ ಎಂದ. ಅಷ್ಟರಲ್ಲಿ ಮಾವಶಿ ಹೋಗಿಬಿಟ್ಟರು.

ಅವರ ಅಂತ್ಯಕ್ರಿಯೆಗೆ ದೇವಾಲಯ ತುಂಬಿತ್ತು. ದವಾಖಾನೆಯ ಹಳೆಯ ನರ್ಸುಗಳು, ಅವರ ಕೈಯಲ್ಲಿ ಹುಟ್ಟಿದ ದೊಡ್ಡ ದೊಡ್ಡ ಗಂಡಸರು, ಚಾಳಿನವರು. ಯಲ್ಲವ್ವ ಒಳಗೆ ಬಂದು ಕುಳಿತುಕೊಳ್ಳಲು ಒಪ್ಪದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಈಗಿನ ಪಾಳಕ ಸಾಹೇಬರು ಹೊಸಬರು, ಎಳೆಯ ವಯಸ್ಸಿನವರು. ಬಾಯಿಯ ಬಗ್ಗೆ ಯಾರಾದರೂ ಎರಡು ಮಾತು ಹೇಳುವುದಿದ್ದರೆ ಹೇಳಿ ಎಂದು ಮರಾಠಿಯಲ್ಲಿ ಕೇಳಿದರು. ಒಬ್ಬಳು ನರ್ಸ್ ಎದ್ದು ಅವರು ಕೈ ತೊಳೆಸುತ್ತಿದ್ದುದನ್ನು ಹೇಳಿ ಅತ್ತಳು. ಒಬ್ಬ ಅವರ ಹಾಡಿನ ಬಗ್ಗೆ ಹೇಳಿ ಎಲ್ಲರನ್ನೂ ನಗಿಸಿದ.

ಆಗ ನನ್ನ ಪಕ್ಕದಲ್ಲಿ ಅಪ್ಪ ಎದ್ದು ನಿಂತ.

ಕೋಲು ಬೇಡವೆಂದು ನನ್ನ ಕೈಗೆ ಕೊಟ್ಟ. ಮುಂದಿನ ಬೆಂಚಿನ ಬೆನ್ನನ್ನು ಎರಡೂ ಕೈಯಿಂದ ಹಿಡಿದ. ಸಭೆ ಅವನತ್ತ ತಿರುಗಿತು, ಹಳೆಯ ಸೆಕ್ರೆಟರಿಯ ಬಗ್ಗೆ ಎಲ್ಲರಿಗೂ ಗೌರವವಿತ್ತು. ಅವ್ವ ಕಣ್ಣು ಮುಚ್ಚಿಕೊಂಡಳು. ಅಪ್ಪ ಶವಪೆಟ್ಟಿಗೆಯನ್ನು ನೋಡಿದ, ಆಮೇಲೆ ಹುಡುಗರು ಕುಳಿತಿದ್ದ ಸಾಲನ್ನು ನೋಡಿದ. ಹುಡುಗರು ಅವನ ಮೋರೆಯನ್ನೇ ನೋಡುತ್ತಿದ್ದರು.

“ಬಾಯಿ…” ಎಂದ. ನಂತರ ಮರಾಠಿಯಲ್ಲಿ, ಎಲ್ಲರಿಗೂ ತಿಳಿಯುವಂತೆ, ಬಿಡಿಬಿಡಿಯಾಗಿ ಹೇಳಿದ: “ಬಾಯಿ ಬಹಳ ಒಳ್ಳೆಯ ನರ್ಸ್ ಆಗಿದ್ದರು.”

ಅವನ ಬಾಯಿ ಇನ್ನೂ ತೆರೆದೇ ಇತ್ತು. ಬಾಗಿಲಲ್ಲಿ ಯಲ್ಲವ್ವ ಚೌಕಟ್ಟು ಬಿಟ್ಟು ನೆಟ್ಟಗೆ ನಿಂತು, ಮುಂದಿನ ಮಾತು ಬರುತ್ತದೆ ಎಂದು ಕಾಯುತ್ತಿದ್ದಳು. ಅಪ್ಪ ಬೆಂಚನ್ನು ಹಿಡಿದ ಕೈಗಳನ್ನು ಒಂದೊಂದಾಗಿ ಸಡಿಲಿಸಿ ಕುಳಿತುಕೊಂಡ.

“ಆಮೆನ್,” ಎಂದರು ಪಾಳಕ ಸಾಹೇಬರು.

“ಆಮೆನ್,” ಎಂದಿತು ಸಭೆ. ನನ್ನ ದನಿಯೂ ಅದರಲ್ಲಿ ಇತ್ತು.